ಗುಳ್ಳೆಗೆ ನಲವತ್ತು, ಸಕ್ಕರೆಗೆ ಐದು

ಹೈದರಾಬಾದಿನ ಸನತ್‌ನಗರದಲ್ಲಿರುವ ಕಾರ್ಮಿಕ ವಿಮೆಯ ಇಎಸ್‌ಐ ಆಸ್ಪತ್ರೆಗೆ ರೋಗಿಯನ್ನು ನೋಡಲು ಬಂದವರು ಬರಿಗೈಲಿ ಒಳಗೆ ಹೋಗುವುದಿಲ್ಲ. ಎಳನೀರು ದುಬಾರಿ ಎನ್ನಿಸಿದರೆ ಎದುರಿನ ಅಂಗಡಿಯಲ್ಲಿ ಹತ್ತು ರೂಪಾಯಿಯ ಮಾವಿನ ಪಾನೀಯದ ಪೊಟ್ಟಣ ನಾಲ್ಕು ಕೊಳ್ಳುತ್ತಾರೆ. ಯಾರಾದರೂ ಕೋಲಾಗೆ ಕೈ ಹಾಕಿದರೆ ಜೊತೆಯವರೇ ಗದರುತ್ತಾರೆ: “ಪೇಶೆಂಟಿಗೆ ಅದ್ಯಾಕೆ, ಹಣ್ಣಿನ ಜ್ಯೂಸ್ ತಗೋ.”

ಜಿಎಸ್‌ಟಿ ಮಂಡಳಿಯ ಯೋಚನೆಯೂ ಇದೇ. 2025ರ ಸೆಪ್ಟೆಂಬರ್ 22ರಿಂದ ಕೋಲಾಗೆ ಶೇ. 40, ಗ್ಯಾಸಿಲ್ಲದ ಹಣ್ಣಿನ ಪಾನೀಯಕ್ಕೆ ಶೇ. 5. ಅಂದರೆ ಹತ್ತು ರೂಪಾಯಿಯ ಕೋಲಾ ಬಾಟಲಿಯಲ್ಲಿ ಸುಮಾರು 2 ರೂಪಾಯಿ 86 ಪೈಸೆ ತೆರಿಗೆ, ಹತ್ತು ರೂಪಾಯಿಯ ಮಾವಿನ ಪೊಟ್ಟಣದಲ್ಲಿ 48 ಪೈಸೆ. ಎರಡನ್ನೂ ತಿರುಗಿಸಿ ಹಿಂಬದಿಯ ಸಣ್ಣಕ್ಷರ ಓದಿದೆ. ಕೋಲಾದಲ್ಲಿ 100 ಮಿಲಿಲೀಟರಿಗೆ ಹತ್ತು ಗ್ರಾಂ ದಾಟಿದ ಸಕ್ಕರೆ; ಮಾವಿನದ್ದರಲ್ಲೂ ಹೆಚ್ಚುಕಡಿಮೆ ಅಷ್ಟೇ.

ಪೌಷ್ಟಿಕತೆಯ ಕೆಲಸದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಳೆದವನು ನಾನು. ಈಚೆಗೆ ಒಂದು ವಿಚಾರಗೋಷ್ಠಿಯಲ್ಲಿ ಕೂತಿದ್ದೆ. ಪ್ರಪಂಚದಲ್ಲೇ ಅತಿ ಕಠಿಣವಾದ ಸಕ್ಕರೆ ತೆರಿಗೆ ಭಾರತದ್ದು ಎಂದು ಒಬ್ಬರು ಹೆಮ್ಮೆಪಟ್ಟರು. ಸರ್ಕಾರಕ್ಕೆ ನನ್ನ ಲೋಟದಲ್ಲಿ ಏನು ಕೆಲಸ ಎಂದು ಇನ್ನೊಬ್ಬರು ಸಿಡುಕಿದರು. ಇಬ್ಬರಿಗೂ ಚಪ್ಪಾಳೆ ಬಿತ್ತು. ಇಬ್ಬರೂ ಮಾತಾಡಿದ್ದು ಇಲ್ಲದ ತೆರಿಗೆಯ ಬಗ್ಗೆ. ಈ ಬರಹಕ್ಕೆ ಅದೇ ನೆಪ.

ಹಳೆಯ ಕಥೆಯನ್ನು ಬೇಗ ಮುಗಿಸುತ್ತೇನೆ. ಸಕ್ಕರೆ, ರಮ್, ತಂಬಾಕು ಬದುಕಿಗೆ ಅನಿವಾರ್ಯವಲ್ಲ, ಆದರೂ ಎಲ್ಲರೂ ಬಳಸುತ್ತಾರೆ. ಹಾಗಾಗಿ ತೆರಿಗೆಗೆ ತಕ್ಕ ಸರಕು ಎಂದು ಆಡಂ ಸ್ಮಿತ್ 1776ರಲ್ಲೇ ವಾದಿಸಿದ್ದ. ಅವನ ಕಣ್ಣು ಬೊಕ್ಕಸದ ಮೇಲಿತ್ತು, ಯಾರ ಹೊಟ್ಟೆಯ ಮೇಲೂ ಅಲ್ಲ. ನಮ್ಮ ನಿಜಾಮರ ಕಾಲದಲ್ಲೂ ಹಾಗೆಯೇ. 1937ರಲ್ಲಿ ಬೋಧನ್‌ನಲ್ಲಿ ಸಕ್ಕರೆ ಕಾರ್ಖಾನೆ ಎದ್ದಾಗ ಸಂಸ್ಥಾನಕ್ಕೆ ಅದು ಪ್ರಗತಿಯ ಗುರುತು.

1977ರಲ್ಲಿ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಕೈಗಾರಿಕಾ ಮಂತ್ರಿಯಾಗಿದ್ದಾಗ ಕೋಕಾ ಕೋಲಾ ದೇಶ ಬಿಟ್ಟಿತು. ಅದು ವಿದೇಶಿ ಬಂಡವಾಳದ ಜಗಳ. ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ಮೈಸೂರಿನ ಆಹಾರ ಸಂಶೋಧನಾಲಯ ಸಿಎಫ್‌ಟಿಆರ್‌ಐ ಸೂತ್ರ ತಯಾರಿಸಿತು, ಸರ್ಕಾರದ ಮಾಡರ್ನ್ ಫುಡ್ ಇಂಡಸ್ಟ್ರೀಸ್ ‘ಡಬಲ್ ಸೆವೆನ್’ ಹೆಸರಿನಲ್ಲಿ ಕೋಲಾ ಮಾರಿತು. ಜನರ ಲೋಟಕ್ಕೆ ಸರ್ಕಾರ ತಾನೇ ಸಕ್ಕರೆ ನೀರು ಸುರಿದ ಕಾಲ ಅದು. ಆಗ ಸನತ್‌ನಗರದ ಆಲ್ವಿನ್ ಕಾರ್ಖಾನೆಯಲ್ಲಿ ರೆಫ್ರಿಜರೇಟರ್‌ಗಳು ತಯಾರಾಗುತ್ತಿದ್ದವು. ಅಂಗಡಿಯವನು ಸಾಲ ಸೋಲ ಮಾಡಿ ಒಂದು ಕೊಂಡರೆ ಅದರಲ್ಲಿ ಹಾಲು, ಮಜ್ಜಿಗೆ, ಹೂವು ಎಲ್ಲವೂ ಇರುತ್ತಿತ್ತು. ಈಗ ಗಾಜಿನ ಬಾಗಿಲಿನ ಫ್ರಿಜ್ಜನ್ನು ಪಾನೀಯದ ಕಂಪನಿಯೇ ಕೊಡುತ್ತದೆ. “ಮಜ್ಜಿಗಿ ಇಟ್ರ ಕಂಪನಿ ಹುಡುಗ ಬಂದು ತೆಗಸ್ತಾನ್ರೀ,” ಎಂದ ನಮ್ಮ ಕಡೆಯಿಂದ ಬಂದು ಇಲ್ಲಿ ಅಂಗಡಿ ಇಟ್ಟವನೊಬ್ಬ. ಜನ ಏನು ಕುಡಿಯಬೇಕೆಂದು ಯಾರು ತೀರ್ಮಾನಿಸಬೇಕು ಎಂಬ ಚರ್ಚೆಯಲ್ಲಿ ಈ ಫ್ರಿಜ್ಜಿನ ಹೆಸರು ಬರುವುದೇ ಇಲ್ಲ.

ನನ್ನ ತಲೆಮಾರು ಪಾಠ ಕಲಿತದ್ದು ಬೇರೆ ಕಡೆ. 1918ರಲ್ಲಿ ಕುನ್ನೂರಿನಲ್ಲಿ ರಾಬರ್ಟ್ ಮೆಕ್‌ಕಾರಿಸನ್ ಬೆರಿಬೆರಿ ವಿಚಾರಣೆಗೆಂದು ಶುರು ಮಾಡಿದ ಘಟಕ 1958ರಲ್ಲಿ ಹೈದರಾಬಾದಿನ ತಾರ್ನಾಕಾಕ್ಕೆ ಬಂತು. 1969ರಿಂದ ಅದೇ ರಾಷ್ಟ್ರೀಯ ಪೋಷಣಾ ಸಂಸ್ಥೆ, ಎನ್‌ಐಎನ್. ಜೋಳವನ್ನೇ ನಂಬಿದ ದಖ್ಖನ್ ಬಡವರಿಗೆ ಪೆಲಾಗ್ರ ಎಂಬ ಕೊರತೆಯ ಕಾಯಿಲೆ ಯಾಕೆ ಬರುತ್ತದೆಂದು ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ 1960ರಲ್ಲಿ ಬರೆದರು. ಜೋಳದಲ್ಲಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲದ ಮೇಲೆ ಅವರ ಗುಮಾನಿ. ಕಲಬುರಗಿ, ರಾಯಚೂರು ಕಡೆಯ ರೊಟ್ಟಿ ತಿಂದು ಬೆಳೆದ ನನಗೆ ಅದು ಮನೆಯದೇ ಮಾತಾಗಿತ್ತು. ಇರುಳುಗುರುಡು ತಡೆಯಲು ಮಕ್ಕಳಿಗೆ ಆರು ತಿಂಗಳಿಗೊಮ್ಮೆ ಎ ಜೀವಸತ್ವದ ದೊಡ್ಡ ಪ್ರಮಾಣ ಕೊಡುವ ಯೋಜನೆ 1970ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವಾಗಿ ಶುರುವಾಯಿತು. ಅದರ ಹಿಂದೆಯೂ ಇದೇ ಸಂಸ್ಥೆಯ ಕೆಲಸ. ಉಪ್ಪಿಗೆ ಅಯೋಡಿನ್ ಬಂತು. ಆಗಲೂ ಗೊಣಗಿದವರಿದ್ದರು. ಆದರೆ ಗಳಗಂಡವನ್ನು ಖಾಸಗಿ ವಿಷಯವೆಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಈ ಶಾಲೆಯವನಾದ್ದರಿಂದ ‘ಸರ್ಕಾರ ತಟ್ಟೆಗೆ ಕೈ ಹಾಕಬಾರದು’ ಎಂಬ ಮಾತು ನನಗೆ ನಿನ್ನೆ ವಿಮಾನದಿಂದ ಇಳಿದದ್ದರಂತೆ ಕೇಳುತ್ತದೆ. ಇಎಸ್‌ಐ ಆಸ್ಪತ್ರೆಯನ್ನೇ ನೋಡಿ. 1948ರ ಕಾಯ್ದೆಯಿಂದ ಹುಟ್ಟಿದ ಈ ಯೋಜನೆಗೆ ಕಾರ್ಮಿಕನ ಸಂಬಳದಿಂದ ಈಗ ಶೇ. 0.75, ಮಾಲೀಕನಿಂದ ಶೇ. 3.25 ಹಿಡಿಯುತ್ತಾರೆ. ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಹೋದರೆ ಖರ್ಚು ಎಲ್ಲರದು, ಕಾಯಿಲೆ ತರುವ ಬಾಟಲಿ ಮಾತ್ರ ಅವನ ಸ್ವಂತ ಆಯ್ಕೆ! ದೇಶದಲ್ಲಿ 10 ಕೋಟಿ ಮೀರಿ ಮಧುಮೇಹಿಗಳಿದ್ದಾರೆಂದು ಐಸಿಎಂಆರ್ ಅಧ್ಯಯನ 2023ರಲ್ಲಿ ಹೇಳಿತು. ನಮ್ಮ ಶಾಲೆಯ ತಪ್ಪನ್ನೂ ಹೇಳಿಬಿಡಬೇಕು. ಕೊರತೆಯನ್ನು ಹುಡುಕುತ್ತಾ ಬೆಳೆದ ನಮಗೆ ಹೆಚ್ಚಾದದ್ದು ಬಹಳ ಕಾಲ ಕಾಣಲಿಲ್ಲ.

1993ರಲ್ಲಿ ಕೋಕ್ ಮರಳಿತು. ಮುಂದಿನ ಹತ್ತು ಹದಿನೈದು ವರ್ಷ ನಾವು ಅದರ ಬಗ್ಗೆ ಆಡಿದ್ದೆಲ್ಲ ನೀರು ಮತ್ತು ಕೀಟನಾಶಕದ ಮಾತು. 2003ರಲ್ಲಿ ಕೋಲಾಗಳಲ್ಲಿ ಕೀಟನಾಶಕವಿದೆ ಎಂಬ ದೆಹಲಿಯ ಪರಿಸರ ಸಂಸ್ಥೆ ಸಿಎಸ್‌ಇಯ ವರದಿ ಬಂತು, 2006ರ ಆಗಸ್ಟಿನಲ್ಲಿ ಕೇರಳ ಕೋಲಾ ನಿಷೇಧಿಸಿತು, ಸೆಪ್ಟೆಂಬರಿನಲ್ಲಿ ಅಲ್ಲಿನ ಹೈಕೋರ್ಟ್ ನಿಷೇಧ ತೆಗೆದುಹಾಕಿತು. ಹಾಗೆ ಬಿಸಿಬಿಸಿ ಜಗಳ ನಡೆಯುತ್ತಿದ್ದ ವರ್ಷಗಳಲ್ಲೇ 200 ಮಿಲಿಲೀಟರಿನ ಐದು ರೂಪಾಯಿ ಬಾಟಲಿ ಹಳ್ಳಿ ಹಳ್ಳಿಗೆ ಹೋಯಿತು. ಕೀಟನಾಶಕವಿಲ್ಲದ ಬಾಟಲಿಯಲ್ಲೂ ಸಕ್ಕರೆ ಇದ್ದೇ ಇರುತ್ತದೆಂದು ಬರೆದವರು ಬೆರಳೆಣಿಕೆಯಷ್ಟು.

ತಿರುವು ಬಂದದ್ದು 2014ರಲ್ಲಿ. ಆ ವರ್ಷದ ಮೊದಲ ದಿನ ಮೆಕ್ಸಿಕೋ ಲೀಟರಿಗೆ ಒಂದು ಪೆಸೊ ತೆರಿಗೆ ಹಾಕಿತು. ಮೊದಲ ವರ್ಷ ಖರೀದಿ ಸರಾಸರಿ ಶೇ. 6ರಷ್ಟು ಕಡಿಮೆಯಾಯಿತು. ಶೇ. 20ರ ತೆರಿಗೆ ಭಾರತದಲ್ಲಿ ಹತ್ತು ವರ್ಷದಲ್ಲಿ ಬೊಜ್ಜನ್ನು ಶೇ. 3, ಎರಡನೇ ಬಗೆಯ ಮಧುಮೇಹವನ್ನು ಶೇ. 1.6ರಷ್ಟು ತಗ್ಗಿಸಬಲ್ಲದೆಂದು ಸಂಶೋಧಕ ಸಂಜಯ್ ಬಸು ಮತ್ತು ಸಂಗಡಿಗರು ಲೆಕ್ಕ ಕಟ್ಟಿದರು. ದೊಡ್ಡ ಸಂಖ್ಯೆಗಳಲ್ಲ. ತೆರಿಗೆಯೊಂದೇ ಸಾಕು ಎನ್ನುವ ಗೆಳೆಯರು ಇವನ್ನು ಮತ್ತೊಮ್ಮೆ ಓದಬೇಕು.

ಅದೇ ವರ್ಷದ ಜುಲೈ ಬಜೆಟ್ಟಿನಲ್ಲಿ ಅರುಣ್ ಜೇಟ್ಲಿ, ಸಕ್ಕರೆ ಸೇರಿಸಿದ ಗ್ಯಾಸು ಪಾನೀಯಕ್ಕೆ ಶೇ. 5ರ ಹೆಚ್ಚುವರಿ ಅಬಕಾರಿ ಸುಂಕ ಹಾಕಿದರು. ಸಕ್ಕರೆಯನ್ನೇ ಗುರಿಯಿಟ್ಟ ಸುಂಕ ಅದು. ಒಂದೇ ವರ್ಷದಲ್ಲಿ ಅದನ್ನು ಸಾಮಾನ್ಯ ಸುಂಕದ ಏರಿಕೆಯೊಳಗೆ ಕರಗಿಸಿದರು. 2014ರ ಸೆಪ್ಟೆಂಬರಿನಲ್ಲಿ ತುಮಕೂರಿನ ವಸಂತನರಸಾಪುರದಲ್ಲಿ ಫುಡ್ ಪಾರ್ಕ್ ಉದ್ಘಾಟಿಸಿದ ಪ್ರಧಾನಿ ಮೋದಿ, ಕೋಲಾಗಳಿಗೆ ಶೇ. 5ರಷ್ಟು ಹಣ್ಣಿನ ರಸ ಬೆರೆಸಿ ಎಂದು ಕಂಪನಿಗಳನ್ನು ಕೇಳಿಕೊಂಡರು. ರೈತನಿಗೆ ಒಳ್ಳೆಯದೇ. ಹಣ್ಣಿನ ಹೆಸರಿಗೆ ಸಿಗುವ ಇಂದಿನ ರಿಯಾಯಿತಿಯಲ್ಲೂ ನನಗೆ ಕಾಣುವುದು ಅದೇ ತರ್ಕ. ಅದು ಕೃಷಿ ನೀತಿ. ಅದಕ್ಕೆ ಆರೋಗ್ಯದ ಅಂಗಿ ತೊಡಿಸಿದವರು ನಾವು.

2016ರಲ್ಲಿ ಕೇರಳ ಬ್ರಾಂಡೆಡ್ ಹೋಟೆಲುಗಳ ಬರ್ಗರ್, ಪಿಜ್ಜಾಗಳಿಗೆ ಶೇ. 14.5ರ ‘ಫ್ಯಾಟ್ ಟ್ಯಾಕ್ಸ್’ ಹಾಕಿತು. ಮರುವರ್ಷ ಜಿಎಸ್‌ಟಿ ಅದನ್ನು ನುಂಗಿತು. ರಾಜ್ಯಗಳ ಕೈಯಲ್ಲಿದ್ದ ಪ್ರಯೋಗದ ಅವಕಾಶವೂ ಅಲ್ಲಿಗೆ ಹೋಯಿತು. 2017ರ ಜುಲೈ 1ರಿಂದ ಕೋಲಾಗೆ ಶೇ. 28 ತೆರಿಗೆ, ಮೇಲೆ ಶೇ. 12 ಸೆಸ್. ಆ ಸೆಸ್ ವರಮಾನ ಕಳೆದುಕೊಂಡ ರಾಜ್ಯಗಳಿಗೆ ಪರಿಹಾರಕ್ಕೆಂದು ಇದ್ದದ್ದು. ಆಸ್ಪತ್ರೆಗಾಗಲಿ ಶಾಲೆಗಾಗಲಿ ಅಲ್ಲ. ಸಕ್ಕರೆಯೇ ಇಲ್ಲದ ‘ಜೀರೋ’ ಕೋಲಾಗೂ, ಸಣ್ಣ ಊರಿನ ಜೀರಾ ಸೋಡಾಗೂ ಇದೇ ದರ. ಸಕ್ಕರೆ ತೆಗೆದರೂ ತೆರಿಗೆ ಇಳಿಯದಿದ್ದ ಮೇಲೆ ಯಾವ ತಯಾರಕ ತೆಗೆದಾನು?

ಬ್ರಿಟನ್ ಇದನ್ನು ತಲೆ ಉಪಯೋಗಿಸಿ ಮಾಡಿತು. 2018ರ ಏಪ್ರಿಲ್‌ನಿಂದ 100 ಮಿಲಿಲೀಟರಿಗೆ 5 ಗ್ರಾಂ ಮುಟ್ಟಿದರೆ ಲೀಟರಿಗೆ 18 ಪೆನ್ಸ್, 8 ಗ್ರಾಂ ಮುಟ್ಟಿದರೆ 24 ಪೆನ್ಸ್ ಎಂಬ ತೆರಿಗೆ ಜಾರಿಗೆ ತಂದಿತು. ಘೋಷಣೆಗೂ ಜಾರಿಗೂ ನಡುವೆ ಎರಡು ವರ್ಷ ಬಿಟ್ಟರು. ಆ ಅವಧಿಯಲ್ಲೇ ಎಷ್ಟೋ ಕಂಪನಿಗಳು ಸಕ್ಕರೆ ಇಳಿಸಿಬಿಟ್ಟವು.

ನಮ್ಮಲ್ಲಿ ಈಚಿನ ನಿಜವಾದ ಗೆಲುವು ತೆರಿಗೆಯಿಂದ ಬಂದದ್ದಲ್ಲ, ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ಅವರ ಹಟದಿಂದ ಬಂದದ್ದು. ಭೇದಿಯಾದ ಮಗುವಿಗೆ ತಾಯಂದಿರು ‘ಓಆರ್‌ಎಸ್’ ಎಂದು ಬರೆದ ಸಿಹಿ ಪಾನೀಯ ಕುಡಿಸುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಓಆರ್‌ಎಸ್‌ನಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್; ಆ ಪೊಟ್ಟಣಗಳಲ್ಲಿ ಅದರ ಹಲವು ಪಟ್ಟು ಸಕ್ಕರೆ. ಎಂಟು ವರ್ಷ ಶಿವರಂಜನಿ ಬೆನ್ನು ಬಿಡಲಿಲ್ಲ, ತೆಲಂಗಾಣ ಹೈಕೋರ್ಟಿಗೂ ಹೋದರು. 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ತನ್ನ ಹಿಂದಿನ ಅನುಮತಿಯನ್ನು ರದ್ದು ಮಾಡಿ, ಸೂತ್ರಕ್ಕೆ ಹೊಂದದ ಪಾನೀಯಗಳು ಆ ಹೆಸರು ಬಳಸಕೂಡದೆಂದಿತು. ಅನುಮತಿ ಕೊಟ್ಟಿದ್ದೂ ಅದೇ ಎಂಬುದನ್ನು ಮರೆಯಬಾರದು.

ತೆರಿಗೆಯ ದರಪಟ್ಟಿಯ ವಿಷಯದಲ್ಲಿ ಅಷ್ಟು ವರ್ಷ ಕಾಯಬೇಕಿಲ್ಲ. ಹಣ್ಣೋ ಗುಳ್ಳೆಯೋ ಎಂದು ಮಂಡಳಿ ಕೇಳುವುದನ್ನು ಬಿಟ್ಟು 100 ಮಿಲಿಲೀಟರಿಗೆ ಎಷ್ಟು ಗ್ರಾಂ ಎಂದು ಕೇಳಲಿ. ಪ್ರಯೋಗಾಲಯ ಕಟ್ಟಬೇಕಾಗಿಲ್ಲ, ಸಮಿತಿ ಬೇಕಾಗಿಲ್ಲ. ಆ ಸಂಖ್ಯೆ ಪ್ರತಿ ಪೊಟ್ಟಣದ ಹಿಂಬದಿಯಲ್ಲಿ ಈಗಾಗಲೇ ಅಚ್ಚಾಗಿದೆ.