ಅರ್ಧದಲ್ಲಿ ಬಿಟ್ಟವನ ಇಂಗ್ಲಿಷ್: ಢಾಕಾದಲ್ಲಿ ಮೈಕೇಲ್ ವೆಸ್ಟರ ಸಂಶೋಧನೆ

ವಿಮಾ ವ್ಯವಹಾರದಲ್ಲಿ ‘ಸರೆಂಡರ್ ಮೌಲ್ಯ’ವೆಂಬ ಮಾತೊಂದುಂಟು. ಇಪ್ಪತ್ತು ವರ್ಷಗಳ ಅವಧಿಗೆ ಪಾಲಿಸಿ ಮಾಡಿಸಿದವನು ಏಳೆಂಟು ವರ್ಷ ಕಂತು ಕಟ್ಟಿ, ಮುಂದೆ ಕೈಲಾಗದೆ ಪಾಲಿಸಿಯನ್ನು ಸಂಸ್ಥೆಗೆ ಒಪ್ಪಿಸಿಬಿಟ್ಟರೆ, ಅವನ ಕೈಗೆ ಮರಳಿ ಬರುವ ಮೊಬಲಗಿಗೆ ಆ ಹೆಸರು. ಅವಧಿ ತುಂಬಿದಾಗ ಎಷ್ಟು ಬರುವುದೆಂಬುದನ್ನು ಏಜೆಂಟನು ಕೇಳದೆಯೇ ಹೇಳುತ್ತಾನೆ. ನಡುವೆ ಕೈಬಿಟ್ಟವನಿಗೆ ಏನು ದಕ್ಕುವುದೆಂಬುದನ್ನು ಕೇಳಿ ತಿಳಿಯಬೇಕಾಗುತ್ತದೆ. ಈ ಪ್ರಶ್ನೆಯನ್ನೇ ವಿದ್ಯಾಭ್ಯಾಸದ ವಿಷಯದಲ್ಲಿ, ಅದರಲ್ಲಿಯೂ ಇಂಗ್ಲಿಷ್ ಕಲಿಕೆಯ ವಿಷಯದಲ್ಲಿ ಎತ್ತಿ, ಅದರ ಉತ್ತರವನ್ನು ಹುಡುಕುವುದಕ್ಕಾಗಿ ಹಲವು ವರ್ಷಗಳನ್ನು ಸವೆಸಿದ ವಿದ್ವಾಂಸರು ಮೈಕೇಲ್ ಫಿಲಿಪ್ ವೆಸ್ಟ್. ಬಂಗಾಳವನ್ನೇ ಮುಖ್ಯವಾಗಿ ಗಮನದಲ್ಲಿರಿಸಿಕೊಂಡು ದ್ವಿಭಾಷಿಕತೆಯನ್ನು ಕುರಿತು ಅವರು ಬರೆದ ಗ್ರಂಥವು 1926ರಲ್ಲಿ ಸರಕಾರದ ವಿದ್ಯಾಭ್ಯಾಸ ವರದಿಗಳಲ್ಲೊಂದಾಗಿ ಕಲಕತ್ತೆಯಿಂದ ಪ್ರಕಟವಾಯಿತು. ಪರಭಾಷೆಯಾಗಿ ಇಂಗ್ಲಿಷನ್ನು ಕಲಿಸುವ ಬಗೆಯನ್ನು ಊಹೆಯಿಂದಲ್ಲದೆ ಎಣಿಕೆ ಪರೀಕ್ಷೆಗಳಿಂದ ನಿರ್ಣಯಿಸಬೇಕೆಂದು ಹೊರಟ ಮೊದಮೊದಲ ಗ್ರಂಥಗಳಲ್ಲಿ ಅದು ಒಂದು. ಸರಕಾರೀ ವರದಿಯ ರೂಪದಲ್ಲಿ ಬಂದುದರಿಂದಲೋ ಏನೋ, ಅದರ ಹೆಸರನ್ನು ಕೇಳಿದವರಿಗಿಂತ ಅದನ್ನು ಓದಿದವರು ಕಡಿಮೆ.

1888ರಲ್ಲಿ ಹುಟ್ಟಿದ ವೆಸ್ಟರು ಆಕ್ಸ್‌ಫರ್ಡಿನಲ್ಲಿ ಓದಿ, 1912ರಲ್ಲಿ ಭಾರತೀಯ ವಿದ್ಯಾಭ್ಯಾಸ ಸೇವೆಗೆ ಸೇರಿ ಬಂಗಾಳಕ್ಕೆ ಬಂದರು. ಮುಂದೆ ಢಾಕಾ ನಗರದ ಉಪಾಧ್ಯಾಯರ ತರಬೇತಿ ಕಾಲೇಜಿನ ಪ್ರಾಂಶುಪಾಲರಾದರು. ಅವರು ಪ್ರಾಂತದ ಶಾಲೆಗಳಲ್ಲಿ ಕಂಡ ಇಂಗ್ಲಿಷ್ ತರಗತಿಯ ಚಿತ್ರವನ್ನು ಈ ದೇಶದ ಯಾವ ಭಾಗದ ಓದುಗರಿಗೂ ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಮೆಟ್ರಿಕ್ಯುಲೇಷನ್ ಪರೀಕ್ಷೆಯು ಸರಕಾರೀ ನೌಕರಿಯ ಹೆಬ್ಬಾಗಿಲು. ಆ ಬಾಗಿಲಿನ ಬೀಗದ ಕೈ ಇಂಗ್ಲಿಷ್. ಆದುದರಿಂದ ಮೊದಲನೆಯ ತರಗತಿಯ ಪಾಠವೂ ಕೊನೆಯ ಪರೀಕ್ಷೆಯನ್ನೇ ನೋಡುತ್ತಿತ್ತು. ಯುರೋಪಿನಲ್ಲಿ ಹೆಸರು ಮಾಡಿದ ‘ನೇರ ಪದ್ಧತಿ’ಯನ್ನು, ಎಂದರೆ ಮಾತೃಭಾಷೆಯನ್ನು ದೂರವಿಟ್ಟು ಮಾತಿನಿಂದಲೇ ಮಾತನ್ನು ಕಲಿಸುವ ಕ್ರಮವನ್ನು, ಇಲ್ಲಿಯೂ ಅನುಸರಿಸಬೇಕೆಂದು ತಜ್ಞರು ಬೋಧಿಸುತ್ತಿದ್ದರು. ಆ ಪದ್ಧತಿ ಫಲಿಸಬೇಕಾದರೆ ತರಗತಿ ಚಿಕ್ಕದಿರಬೇಕು, ಉಪಾಧ್ಯಾಯನ ನಾಲಗೆಯ ಮೇಲೆ ಆ ಭಾಷೆ ಲೀಲಾಜಾಲವಾಗಿ ಆಡಬೇಕು. ಬಂಗಾಳದ ಹಳ್ಳಿಯ ಶಾಲೆಯಲ್ಲಿ ಎರಡೂ ದುರ್ಲಭವಾಗಿದ್ದುವು.

ಇದಕ್ಕಿಂತಲೂ ಮುಖ್ಯವಾದ ಸಂಗತಿಯೆಂದರೆ, ಕೊನೆಯವರೆಗೆ ಉಳಿಯುವ ವಿದ್ಯಾರ್ಥಿಗಳೇ ಕೆಲವರು. ಈ ವಿಷಯದಲ್ಲಿ ಢಾಕಾ ವಿಶ್ವವಿದ್ಯಾನಿಲಯದ ಮೊದಲ ಉಪಕುಲಪತಿಗಳಾಗಿದ್ದ ಫಿಲಿಪ್ ಹಾರ್ಟಾಗರ ಅಧ್ಯಕ್ಷತೆಯ ಸಮಿತಿಯು 1929ರಲ್ಲಿ ಕೊಟ್ಟ ವರದಿಯ ಒಂದು ಅಂಕಿಯನ್ನು ನೆನೆಯಬಹುದು. ಬ್ರಿಟಿಷ್ ಭಾರತದಲ್ಲಿ 1922-23ರಲ್ಲಿ ಒಂದನೆಯ ತರಗತಿಯಲ್ಲಿದ್ದ ಪ್ರತಿ 100 ಮಕ್ಕಳಿಗೆ 1925-26ರಲ್ಲಿ ನಾಲ್ಕನೆಯ ತರಗತಿಯಲ್ಲಿ ಓದುತ್ತಿದ್ದವರು 18 ಮಂದಿ ಮಾತ್ರ. ಇದು ಪ್ರಾಥಮಿಕ ಶಾಲೆಯ ಮಾತು. ಅದರ ಮೇಲಿನ ಹಂತಗಳಲ್ಲಿಯೂ ಮೆಟ್ಟಿಲು ಮೆಟ್ಟಿಲಿಗೆ ಸಂಖ್ಯೆ ಕರಗುತ್ತಲೇ ಹೋಗುತ್ತಿತ್ತು. ಹತ್ತಿದ ಗಾಡಿಯಿಂದ ನಡುದಾರಿಯಲ್ಲಿ ಇಳಿಯುವವರೇ ಬಹುಮಂದಿಯಾಗಿರುವಾಗ, ಗಾಡಿಯ ಹಾದಿಯನ್ನು ಕೊನೆಯ ನಿಲ್ದಾಣವೊಂದನ್ನೇ ಕಣ್ಣಿನಲ್ಲಿಟ್ಟು ಹಾಕುವುದು ಸರಿಯೆ? ವೆಸ್ಟರ ತರ್ಕ ಇಲ್ಲಿಂದ ಆರಂಭವಾಗುತ್ತದೆ.

ಅಪೂರ್ಣವಾದ ಶಿಕ್ಷಣಕ್ರಮದಿಂದ ವಿದ್ಯಾರ್ಥಿಗೆ ದೊರೆಯುವ ಪ್ರಯೋಜನದ ಪ್ರಮಾಣವೇ ಆ ವಿಷಯದ ಸರೆಂಡರ್ ಮೌಲ್ಯವೆಂದು ಅವರು ಲಕ್ಷಣ ಹೇಳಿದರು. ಎರಡು ಮೂರು ವರ್ಷ ಉಚ್ಚಾರಣೆ, ವಾಕ್ಯರಚನೆ, ಸಣ್ಣ ಸಂಭಾಷಣೆಗಳಲ್ಲಿ ಕಳೆದ ಹುಡುಗನು ಶಾಲೆ ಬಿಟ್ಟು ಹೊಲಕ್ಕೋ ಅಂಗಡಿಗೋ ಹೋದನೆಂದಿಟ್ಟುಕೊಳ್ಳೋಣ. ಅವನ ಊರಿನಲ್ಲಿ ಇಂಗ್ಲಿಷಿನಲ್ಲಿ ಮಾತನಾಡುವವರಿಲ್ಲ; ಕಲಿತ ನಾಲ್ಕು ಮಾತು ವರ್ಷದೊಳಗೆ ಅಳಿಸಿಹೋಗುವುವು. ಪುಸ್ತಕವನ್ನು ಓದಿ ತಿಳಿಯುವ ಶಕ್ತಿಯಂತೂ ಅವನಿಗೆ ಬಂದೇ ಇಲ್ಲ. ಕಟ್ಟಿದ ಕಂತೆಲ್ಲ ಮುಳುಗಿತು. ಇದಕ್ಕೆ ಬದಲಾಗಿ ಆರಂಭದಿಂದಲೇ ಓದುವ ಶಕ್ತಿಯನ್ನು ಬೆಳೆಸಿದ್ದರೆ, ಅವನು ಎಲ್ಲಿ ನಿಂತರೂ ಅಲ್ಲಿಯವರೆಗಿನ ಗಳಿಕೆ ಅವನದೇ; ಉಪಾಧ್ಯಾಯನೂ ಜೊತೆಗಾರನೂ ಇಲ್ಲದೆಯೇ ಅದನ್ನು ಬಳಸಬಹುದು, ಬೆಳೆಸಲೂಬಹುದು. ಆದುದರಿಂದ ಓದು ಮೊದಲು. ಮಾತು ಮತ್ತು ಬರಹ ಅನಂತರ.

ಇಲ್ಲಿ ಒಂದು ತೊಡಕು ಇದ್ದೇ ಇದೆ. ಐನೂರು ಶಬ್ದ ಬಲ್ಲ ಹುಡುಗನು ಓದುವುದೇನನ್ನು? ಐನೂರೇ ಶಬ್ದಗಳಲ್ಲಿ ಬರೆದ ಸ್ವಾರಸ್ಯವಾದ ಪುಸ್ತಕ ಲೋಕದಲ್ಲಿ ಇರಲಿಲ್ಲ. ಅಂಥ ಪುಸ್ತಕವನ್ನು ಮಾಡಬೇಕಾಗಿತ್ತು, ಮಾಡುವುದಕ್ಕೆ ಯಾವ ಶಬ್ದಗಳು ಮೊದಲು ಬೇಕೆಂಬುದನ್ನು ತಿಳಿಯಬೇಕಾಗಿತ್ತು. ಅಮೆರಿಕದ ಮನಶ್ಶಾಸ್ತ್ರಜ್ಞ ಥಾರ್ನ್‌ಡೈಕರು ಮುದ್ರಿತ ಬರಹಗಳಲ್ಲಿ ಶಬ್ದಗಳು ಬರುವ ಸಲಗಳನ್ನು ಎಣಿಸಿ, 10,000 ಶಬ್ದಗಳ ಪಟ್ಟಿಯೊಂದನ್ನು 1921ರಲ್ಲಿ ಪ್ರಕಟಿಸಿದ್ದರು. ವೆಸ್ಟರು ಅದನ್ನು ಆಧಾರವಾಗಿ ಹಿಡಿದು ಆ ಕಾಲದ ಪಠ್ಯಪುಸ್ತಕಗಳ ದೋಷಗಳನ್ನು ಗುರುತಿಸಿದರು. ದೋಷ ಎರಡು ಬಗೆಯದು: ಅಪರೂಪವಾದ ಹಳೆಯ ಶಬ್ದಗಳು ಕಾರಣವಿಲ್ಲದೆ ನುಗ್ಗಿರುವುದು, ಹೊಸ ಶಬ್ದಗಳು ಒಂದರ ಮೇಲೊಂದು ಒತ್ತಾಗಿ ಬೀಳುವುದು. ‘ಐಲ್’ ಎಂಬಲ್ಲಿ ‘ಐಲೆಂಡ್’, ‘ನಾಟ್’ ಎಂಬಲ್ಲಿ ‘ನಥಿಂಗ್’, ‘ಎಅರ್’ ಎಂಬಲ್ಲಿ ‘ಬಿಫೋರ್’ ಎಂದಿಟ್ಟು ಅವರು ಮೊದಲನೆಯ ದೋಷವನ್ನು ತೊಡೆದರು. ಎರಡನೆಯದಕ್ಕೆ, ಹೊಸ ಶಬ್ದಗಳ ನಡುವೆ ಪರಿಚಿತ ಶಬ್ದಗಳ ಸಾಕಷ್ಟು ಅಂತರವಿರುವಂತೆ ಪಾಠಗಳನ್ನು ಹಂಚಿದರು. ಸುಮಾರು ಐವತ್ತಕ್ಕೆ ಒಂದೆಂಬ ಪ್ರಮಾಣವನ್ನು ಮುಂದೊಮ್ಮೆ ಅವರೇ ಹೇಳಿದ್ದಾರೆ. ಪಾಠದ ಪ್ರಶ್ನೆಗಳನ್ನು ಕೊನೆಯಲ್ಲಿಡದೆ ಮೊದಲೇ ಕೊಟ್ಟು, ಉತ್ತರವನ್ನು ಹುಡುಕುತ್ತ ಮೌನವಾಗಿ ಓದುವ ಅಭ್ಯಾಸವನ್ನು ಹುಡುಗರಿಗೆ ಮಾಡಿಸಿದರು. ಈ ಪ್ರಯೋಗಗಳಿಂದ ಹೊರಟ ‘ನ್ಯೂ ಮೆಥಡ್’ ವಾಚನಮಾಲೆಯನ್ನು ಲಾಂಗ್‌ಮನ್ಸ್ ಸಂಸ್ಥೆಯವರು ಪ್ರಕಟಿಸಿದರು. ಇದರ ಫಲವಾಗಿ ಶಾಲಾ ಬಾಲಕರ ಕೈಗೆ ಬಂದ, ಸರಳ ಶಬ್ದಗಳಲ್ಲಿ ಮರಳಿ ಬರೆದ ಕತೆಯ ಪುಸ್ತಕಗಳಿಗೆ ಲೆಕ್ಕವಿಲ್ಲ.

ವೆಸ್ಟರ ವಿಚಾರದಲ್ಲಿ ಒಪ್ಪುವುದಕ್ಕೆ ಕಷ್ಟವಾದ ಭಾಗವೂ ಉಂಟು. ಮಾತೃಭಾಷೆ ಹೃದಯದ ಭಾವಗಳಿಗೆ, ಇಂಗ್ಲಿಷ್ ಲೋಕದ ತಿಳಿವಳಿಕೆಗೆ ಎಂಬ ವಿಭಾಗವನ್ನು ಅವರು ಕಲ್ಪಿಸಿದರು. ಅವರ ಗ್ರಂಥ ಪ್ರಕಟವಾದ 1926ರಲ್ಲಿಯೇ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್ ಅಧ್ಯಾಪಕರಾದ ಬಿ.ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಹೊರಬಂದಿತು. ಇಂಗ್ಲಿಷಿನಿಂದ ಕನ್ನಡಕ್ಕೆ ಬರಬೇಕಾದುದು ತಿಳಿವಳಿಕೆಯೊಂದೇ ಅಲ್ಲ, ಭಾವವೂ ಛಂದಸ್ಸಿನ ಹೊಸ ನಡೆಯೂ ಬರಬಹುದೆಂದು ಆ ಸಣ್ಣ ಪುಸ್ತಕ ತೋರಿಸಿತು. ಢಾಕಾದ ಪ್ರಾಂಶುಪಾಲರಿಗೆ ಇದು ತಿಳಿಯುವ ಸಂಭವವಿರಲಿಲ್ಲ. ಆದರೆ ಬಂಗಾಳೀ ಸಾಹಿತ್ಯದ ಇತಿಹಾಸವೂ ಇದೇ ಸಾಕ್ಷ್ಯವನ್ನು ನುಡಿಯುತ್ತಿತ್ತು. ಅದು ಅವರ ಕಣ್ಣೆದುರಿಗೇ ಇತ್ತು. ಇನ್ನೊಂದು ಆಕ್ಷೇಪ: ಬಂಗಾಳದ ಹುಡುಗನಿಗೆ ಇಂಗ್ಲಿಷ್ ಮಾತು ಅಷ್ಟಾಗಿ ಬೇಡವೆಂದು ನಿರ್ಣಯಿಸಿದವರು ಆಳುವವರ ಕಡೆಯ ಅಧಿಕಾರಿಗಳು. ನ್ಯಾಯಾಲಯದಲ್ಲಿ, ಕಚೇರಿಯಲ್ಲಿ ಬಾಯಿ ಬಲ್ಲವನೇ ಮುಂದಾಗುತ್ತಿದ್ದ ಕಾಲದಲ್ಲಿ, ಹುಡುಗನ ತಂದೆಯನ್ನು ಕೇಳಿದ್ದರೆ ಬೇರೆ ಉತ್ತರ ಬರುತ್ತಿತ್ತೇನೋ.

ಇದೇ ವರ್ಷಗಳಲ್ಲಿ ಜಪಾನಿನಲ್ಲಿ ಮತ್ತೊಬ್ಬ ಆಂಗ್ಲ ವಿದ್ವಾಂಸರು ಇದಕ್ಕೆ ಎದುರಾದ ದಾರಿಯಲ್ಲಿ ನಡೆಯುತ್ತಿದ್ದರು. 1922ರಲ್ಲಿ ಟೋಕಿಯೋ ನಗರಕ್ಕೆ ಬಂದ ಹೆರಲ್ಡ್ ಪಾಮರರು ಮರುವರ್ಷ ಅಲ್ಲಿ ಇಂಗ್ಲಿಷ್ ಬೋಧನೆಯ ಸಂಶೋಧನ ಸಂಸ್ಥೆಯನ್ನು ಆರಂಭಿಸಿ, 1936ರವರೆಗೆ ನಡೆಯಿಸಿದರು. ಅವರ ಮತದಲ್ಲಿ ಕಿವಿ ಮತ್ತು ನಾಲಗೆಗಳೇ ಭಾಷೆಯ ತಾಯಿಬೇರು. ಹೀಗಿದ್ದರೂ ಶಬ್ದಗಳನ್ನು ಆರಿಸಿ ಮಿತಗೊಳಿಸಬೇಕೆಂಬುದರಲ್ಲಿ ಅವರಿಗೂ ವೆಸ್ಟರಿಗೂ ಭೇದವಿರಲಿಲ್ಲ. 1930ರಲ್ಲಿ ಆಗ್ಡೆನ್ನರು 850 ಶಬ್ದಗಳ ‘ಬೇಸಿಕ್ ಇಂಗ್ಲಿಷ’ನ್ನು ಮುಂದಿಟ್ಟಾಗ ವೆಸ್ಟರು ಅದನ್ನು ಕಟುವಾಗಿ ವಿಮರ್ಶಿಸಿದರು. ಕಾರ್ನೆಗಿ ನಿಧಿಯ ನೆರವಿನಿಂದ 1934ರಲ್ಲಿ ನ್ಯೂಯಾರ್ಕಿನಲ್ಲಿಯೂ 1935ರಲ್ಲಿ ಲಂಡನ್ನಿನಲ್ಲಿಯೂ ಸೇರಿದ ಸಭೆಗಳಲ್ಲಿ ವೆಸ್ಟ್, ಪಾಮರ್, ಫಾಸೆಟ್, ಥಾರ್ನ್‌ಡೈಕ್ ಮೊದಲಾದವರು ಕಲೆತು, 1936ರಲ್ಲಿ ಮಧ್ಯಂತರ ವರದಿಯೊಂದನ್ನು ಹೊರತಂದರು. ಅದನ್ನು ಪರಿಷ್ಕರಿಸಿ ವೆಸ್ಟರು 1953ರಲ್ಲಿ ಪ್ರಕಟಿಸಿದ ಪಟ್ಟಿಯೇ ಸುಮಾರು 2,000 ಮುಖ್ಯ ಶಬ್ದಗಳ ‘ಜನರಲ್ ಸರ್ವಿಸ್ ಲಿಸ್ಟ್’. ಶಬ್ದದ ಬಳಕೆಯನ್ನಷ್ಟೇ ಅಲ್ಲದೆ, ಒಂದೊಂದು ಅರ್ಥವೂ ನೂರಕ್ಕೆ ಎಷ್ಟು ಸಲ ಬರುವುದೆಂಬುದನ್ನು ಅದರಲ್ಲಿ ಕೊಟ್ಟಿದೆ. 1935ರಲ್ಲಿ ಎಂಡಿಕಾಟರೊಡನೆ ಅವರು ಸಿದ್ಧಪಡಿಸಿದ ನಿಘಂಟಿನಲ್ಲಿ ಸುಮಾರು 24,000 ಶಬ್ದ ಮತ್ತು ನುಡಿಗಟ್ಟುಗಳಿಗೆ 1,490 ಶಬ್ದಗಳೊಳಗೇ ಅರ್ಥ ಹೇಳಿದ್ದರು. ಅರ್ಥ ತಿಳಿಯಲೆಂದು ನಿಘಂಟನ್ನು ತೆರೆದವನು ಆ ಅರ್ಥದ ಅರ್ಥವನ್ನು ಹುಡುಕುತ್ತ ಇನ್ನೊಂದು ಪುಟಕ್ಕೆ ಅಲೆಯುವ ಪಾಡು ಹೀಗೆ ತಪ್ಪಿತು. 1978ರಲ್ಲಿ ಬಂದ ಲಾಂಗ್‌ಮನ್ ನಿಘಂಟು ಈ ಕ್ರಮವನ್ನೇ ಸುಮಾರು 2,000 ಶಬ್ದಗಳ ಮಿತಿಯಲ್ಲಿ ಮುಂದುವರಿಸಿತು.

ಸ್ವಾತಂತ್ರ್ಯಾನಂತರ ಭಾರತದಲ್ಲಿ ಗೆದ್ದುದು ಪಾಮರರ ದಾರಿಯ ಕವಲೊಂದು. 1950ರ ದಶಕದಲ್ಲಿ ಮದರಾಸು ಪ್ರಾಂತದ ಶಾಲೆಗಳು ವಾಕ್ಯದ ಅಚ್ಚುಗಳನ್ನು ಒಂದೊಂದಾಗಿ ಬಾಯಲ್ಲಿ ಆಡಿಸಿ ಕಲಿಸುವ ‘ರಚನಾ ಪದ್ಧತಿ’ಯನ್ನು ಅಂಗೀಕರಿಸಿದುವು. 1959ರಲ್ಲಿ ಆರಂಭವಾದ ಮದರಾಸಿನ ಕಾರ್ಯಕ್ರಮದ ಗುರಿ 27,000 ಉಪಾಧ್ಯಾಯರನ್ನು ಆ ಪದ್ಧತಿಯಲ್ಲಿ ಪಳಗಿಸುವುದು. ತರಬೇತಿ ಪಡೆದವರು ಇತರರಿಗೆ ತರಬೇತಿ ಕೊಡುತ್ತ ಹೋಗುವ ಏರ್ಪಾಡಾದುದರಿಂದ ಅದಕ್ಕೆ ‘ಹಿಮದ ಉಂಡೆ’ ಎಂಬ ಹೆಸರಾಯಿತು. ಮದರಾಸಿನ ಬಿಸಿಲಿಗೆ ಒಪ್ಪದ ಉಪಮೆ, ಇರಲಿ. 1958ರಲ್ಲಿ ಹೈದರಾಬಾದಿನಲ್ಲಿ ಕೇಂದ್ರ ಸಂಸ್ಥೆಯೂ 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಸಂಸ್ಥೆಯೂ ಇಂಗ್ಲಿಷ್ ಬೋಧನೆಯ ಅಭ್ಯಾಸಕ್ಕಾಗಿಯೇ ಸ್ಥಾಪನೆಯಾದುವು.

ಈ ನಡುವೆ, 1932ರಲ್ಲಿಯೇ ಸೇವೆಯಿಂದ ನಿವೃತ್ತರಾಗಿದ್ದ ವೆಸ್ಟರು 1960ರಲ್ಲಿ ‘ಕಷ್ಟಪರಿಸ್ಥಿತಿಗಳಲ್ಲಿ ಇಂಗ್ಲಿಷ್ ಬೋಧನೆ’ ಎಂಬರ್ಥದ ಪುಸ್ತಕವೊಂದನ್ನು ಬರೆದರು. ಕಷ್ಟಪರಿಸ್ಥಿತಿ ಎಂದರೇನೆಂಬುದನ್ನು ಅಲ್ಲಿ ಬಿಡಿಸಿ ಹೇಳಿದ್ದಾರೆ: ಮೂವತ್ತಕ್ಕೆ ಮೀರಿ ನಲವತ್ತು ಐವತ್ತರವರೆಗೂ ಹೋಗುವ ಮಕ್ಕಳು, ಬೆಂಚಿನ ಮೇಲೆ ಒತ್ತೊತ್ತಾಗಿ ಕೂತಿರುವುದು, ಒಂದೇ ಮಟ್ಟಕ್ಕೆ ಸೇರದ ಕಲಿಕೆ, ಇಂಗ್ಲಿಷನ್ನು ಸರಾಗವಾಗಿ ಆಡಲಾರದ ಉಪಾಧ್ಯಾಯ, ಬೇಸಗೆಯ ಧಗೆ. ಇಂಥ ತರಗತಿ ವಿನಾಯಿತಿಯಲ್ಲ, ಇದೇ ವಾಡಿಕೆ ಎಂಬ ಅರಿವು ಆ ಪುಸ್ತಕದ ತಳಹದಿ. ಹದಿಮೂರು ವರ್ಷಗಳ ಅನಂತರ, 1973ರಲ್ಲಿ, ಅವರು ತೀರಿಕೊಂಡರು.

ಸಾರ್ಥಕವಾದ ಮುಂದಿನ ಪ್ರಯೋಗ ನಡೆದುದು ಬೆಂಗಳೂರಿನಲ್ಲಿ. ರಚನಾ ಪದ್ಧತಿಯಲ್ಲಿ ಪಾಠ ಒಪ್ಪಿಸಿದ ಮಕ್ಕಳು ಹೊರಗೆ ಒಂದು ವಾಕ್ಯವನ್ನೂ ಸ್ವಂತವಾಗಿ ಕಟ್ಟಲಾರದಿರುವುದನ್ನು ಕಂಡು, ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ಬೆಂಗಳೂರು, ಮದರಾಸು, ಕಡಲೂರುಗಳ ಕೆಲವು ಶಾಲೆಗಳಲ್ಲಿ ವ್ಯಾಕರಣದ ಪಾಠಪಟ್ಟಿಯನ್ನೇ ಬದಿಗಿರಿಸಿದರು. ರೈಲಿನ ವೇಳಾಪಟ್ಟಿ, ಊರಿನ ನಕಾಶೆ ಮುಂತಾದುವನ್ನು ಮುಂದಿಟ್ಟು, ಬುದ್ಧಿಗೆ ಕೆಲಸ ಕೊಡುವ ಪ್ರಶ್ನೆಗಳನ್ನು ಬಿಡಿಸುತ್ತ ಭಾಷೆಯು ತಾನಾಗಿ ಬೇರೂರುವಂತೆ ಮಾಡುವುದು ಅವರ ಕ್ರಮ. 1984ರಲ್ಲಿ ಬೆರೆಟ್ಟಾ ಮತ್ತು ಡೇವಿಸ್ ಎಂಬ ಪರೀಕ್ಷಕರು ಎರಡೂ ಬಗೆಯ ತರಗತಿಗಳನ್ನು ಹೋಲಿಸಿ ನೋಡಿದರು. ವಾಕ್ಯರಚನೆಯ ಪರೀಕ್ಷೆಯಲ್ಲಿ ಹಳೆಯ ಪದ್ಧತಿಯ ಮಕ್ಕಳು ಮುಂದಿದ್ದರು. ಬರೆಸಿದುದನ್ನು ಕೇಳಿ ಬರೆಯುವುದರಲ್ಲಿ, ಸಂದರ್ಭವರಿತು ವ್ಯಾಕರಣವನ್ನು ಬಳಸುವುದರಲ್ಲಿ ಪ್ರಭು ಅವರ ಮಕ್ಕಳು ಮುಂದಾದರು.

ಆದರೆ ಆ ತರಗತಿಗಳಲ್ಲಿ ಪಾಠ ಹೇಳಿದವರಲ್ಲಿ ಬಹುಮಂದಿ ವಿಶೇಷ ತರಬೇತಿ ಪಡೆದು ಹೊರಗಿನಿಂದ ಬಂದವರು. ಅದೇ ಕ್ರಮವನ್ನು ಶಾಲೆಗಳ ಸ್ವಂತ ಉಪಾಧ್ಯಾಯರು ಕೈಗೆತ್ತಿಕೊಂಡಾಗ ಅದು ಪೂರ್ಣವಾಗಿ ನೆಲೆಗೊಳ್ಳಲಿಲ್ಲವೆಂದು ಬೆರೆಟ್ಟಾ 1990ರಲ್ಲಿ ಬರೆದರು. ಅವರ ಎದುರಿಗೆ ಇದ್ದುದು ವೆಸ್ಟರು ಮೂವತ್ತು ವರ್ಷಗಳ ಹಿಂದೆ ಬಣ್ಣಿಸಿದ್ದಂಥ ಒತ್ತೊತ್ತಾದ ಬೆಂಚುಗಳೇ.