ಶಿಕ್ಷೆಯಿಂದ ಆಸರೆಯೆಡೆಗೆ



ಸಾಗರ, ಹೊಸನಗರ, ತೀರ್ಥಹಳ್ಳಿಗಳ ಒಳಭಾಗದಲ್ಲಿ ಮನೆಗಳು ಒತ್ತೊತ್ತಾಗಿಲ್ಲ. ಒಂದು ಅಡಿಕೆ ತೋಟ, ಒಂದು ಗುಡ್ಡ ದಾಟಿದರೆ ಇನ್ನೊಂದು ಮನೆ. ಮಳೆಗಾಲದಲ್ಲಂತೂ ಮನಸ್ಸು ಕುಗ್ಗಿದವರು ದಿನಗಟ್ಟಲೆ ಹೊರಗಿನವರ ಕಣ್ಣಿಗೆ ಬೀಳದೇ ಇರಬಹುದು. ಬದುಕೇ ಬೇಡವೆನಿಸಿದವರಿಗೆ ಇಂಥ ಊರುಗಳಲ್ಲಿ ನೆರವು ತಲುಪಿದ್ದು ತೀರ ಈಚೆಗೆ.

ಮೊದಲು ಬಂದದ್ದು ಶಿಕ್ಷೆ. 1860ರ ಭಾರತೀಯ ದಂಡಸಂಹಿತೆಯ 309ನೇ ಕಲಂ ಆತ್ಮಹತ್ಯೆಯ ಯತ್ನವನ್ನು ಅಪರಾಧವೆಂದು ಸಾರಿ, ಒಂದು ವರ್ಷದವರೆಗಿನ ಸೆರೆವಾಸವನ್ನು ವಿಧಿಸಿತು. ನೊಂದವರನ್ನೇ ಕಟಕಟೆಯಲ್ಲಿ ನಿಲ್ಲಿಸುವ ಕಾನೂನಿನಿಂದ ಯಾರಿಗೆ ಪ್ರಯೋಜನ? ಕೇಸಿನ ಭಯಕ್ಕೆ ವಿಷಯವನ್ನು ಮುಚ್ಚಿಟ್ಟರೆ ಚಿಕಿತ್ಸೆಯೂ ತಪ್ಪುತ್ತದೆ.

ಬದಲಾವಣೆ ಬೆಂಗಳೂರಿನ ಬಳಿಯ ಸಕಲವಾರದಿಂದ ಆರಂಭವಾಯಿತು. 1970ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆಯು ಹಳ್ಳಿಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗಗಳನ್ನು ಗುರುತಿಸುವ ತರಬೇತಿಯನ್ನು ಅಲ್ಲಿ ರೂಪಿಸಿತು. 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಈ ಪದ್ಧತಿ ಬೆಳೆಯಿತು. 2005ರಿಂದ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್‌ನ ತಂಡ ಸ್ಕಿಜೋಫ್ರೇನಿಯಾ ಇರುವವರನ್ನು ಹುಡುಕಿ, ಊರಿನ ಸನಿಹದಲ್ಲೇ ಚಿಕಿತ್ಸೆ ಕೊಡತೊಡಗಿತು. ಈ ಕಾಯಿಲೆಯವರಲ್ಲಿ ಆತ್ಮಹತ್ಯೆಯ ಅಪಾಯ ಇತರರಿಗಿಂತ ಹೆಚ್ಚು ಎಂಬುದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ. ಔಷಧಿಗೆಂದು ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಹೋಗಬೇಕೆಂದರೆ ಒಂದು ದಿನದ ಕೂಲಿ, ಬಸ್ಸಿನ ಖರ್ಚು, ಜೊತೆಗೊಬ್ಬರು! ಎಷ್ಟೋ ಚಿಕಿತ್ಸೆ ನಿಲ್ಲುವುದು ಇಲ್ಲಿಯೇ.

ಹಾಗೆಂದು ಆತ್ಮಹತ್ಯೆಯ ಯೋಚನೆ ಬಂದವರೆಲ್ಲ ಮನೋರೋಗಿಗಳಲ್ಲ. ಸಾಲ, ಫಲಿತಾಂಶ, ಮನೆಯ ಜಗಳ, ಯಾವುದೂ ಕಾರಣವಾಗಬಹುದು. ಗೆಳೆಯನೊಬ್ಬ "ನಾನಿಲ್ಲದಿದ್ದರೇ ಒಳ್ಳೇದು" ಎಂದರೆ ನಗುವಿನಲ್ಲಿ ತೇಲಿಸಬೇಡಿ. "ಸಾಯುವ ಯೋಚನೆ ಬರ್ತಿದೆಯೇನೋ?" ಎಂದು ನೇರವಾಗಿಯೇ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟೀತೆಂಬುದು ತಪ್ಪು ತಿಳಿವಳಿಕೆ. ಉಪದೇಶ ಬೇಡ, ಅವನ ಮಾತು ಮುಗಿಯಲಿ. ಹೌದೆಂದರೆ ಒಬ್ಬನನ್ನೇ ಬಿಡದೆ, ಗುಟ್ಟನ್ನೂ ಇಟ್ಟುಕೊಳ್ಳದೆ, ನಂಬಿಕೆಯ ಹಿರಿಯರಿಗೆ ತಿಳಿಸಿ ಆಸ್ಪತ್ರೆಗೆ ಕರೆದೊಯ್ಯಿರಿ. ತೋಟದ ಮನೆಯಲ್ಲಿ ಕ್ರಿಮಿನಾಶಕವಿದ್ದರೆ ಹಿರಿಯರು ಬೀಗದೊಳಗಿಡಲಿ. ಇದು ಸಣ್ಣ ಮಾತಲ್ಲ: ಶ್ರೀಲಂಕಾ ಅತಿ ವಿಷಕಾರಿ ಕ್ರಿಮಿನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ, 1995ರಿಂದ 2015ರೊಳಗೆ ಅಲ್ಲಿನ ಆತ್ಮಹತ್ಯೆಯ ಪ್ರಮಾಣ ಸುಮಾರು 70 ಶೇಕಡಾ ಇಳಿಯಿತು.

ಕಾನೂನೂ ತಡವಾಗಿ ಕಣ್ತೆರೆಯಿತು. 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ, ಅವರ ಆರೈಕೆಯನ್ನು ಸರ್ಕಾರದ ಕರ್ತವ್ಯವಾಗಿಸಿತು. 2024ರ ಜುಲೈ 1ರಂದು ಜಾರಿಯಾದ ನ್ಯಾಯಸಂಹಿತೆಯಲ್ಲಿ ಹಳೆಯ 309ನೇ ಕಲಮಿಗೆ ಸ್ಥಾನವಿಲ್ಲ. ಈ ನಡುವೆ, 2022ರ ಅಕ್ಟೋಬರ್ 10ರಂದು ಟೆಲಿ-ಮಾನಸ್ ದೂರವಾಣಿ ಸೇವೆ ಆರಂಭವಾಗಿತ್ತು. ಸಂಖ್ಯೆ 14416. ಹಗಲಿರುಳೂ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು. ನೊಂದವರಷ್ಟೇ ಅಲ್ಲ, ಅವರ ಪಕ್ಕದಲ್ಲಿ ಕುಳಿತವರೂ ಕರೆ ಮಾಡಬಹುದು.