ಕಾರ್ನಿವಲ್ ಗಾಜಿನ ಜಗ್: ತಯಾರಕರ ಗುರುತು

ಕಾರ್ನಿವಲ್ ಗಾಜಿನ ಜಗ್ ಎಂದರೆ ಅಚ್ಚಿನಲ್ಲಿ ರೂಪಿಸಿದ ಬಣ್ಣದ ಗಾಜು ಬಿಸಿಯಾಗಿರುವಾಗಲೇ ಲೋಹಲವಣಗಳ ದ್ರಾವಣ ಸಿಂಪಡಿಸಿ ಕಾಮನಬಿಲ್ಲಿನ ಹೊಳಪು ತಂದ ಹೂಜಿ. ಅಮೆರಿಕದ ಫೆಂಟನ್ ಕಂಪನಿ 1907ರ ಸುಮಾರಿಗೆ ಇಂಥ ಗಾಜಿನ ತಯಾರಿಕೆ ಆರಂಭಿಸಿತು. ನಾರ್ತ್‌ವುಡ್, ಇಂಪೀರಿಯಲ್ ಮುಂತಾದವು ಅನುಸರಿಸಿದವು. ತಯಾರಕರನ್ನು ಗುರುತಿಸಲು ಮೊದಲ ಆಧಾರ ತಳದ ಮುದ್ರೆ. ನಾರ್ತ್‌ವುಡ್‌ನ ಹಲವು ಪಾತ್ರೆಗಳಲ್ಲಿ ವೃತ್ತದೊಳಗೆ ಅಡಿಗೆರೆಯುಳ್ಳ ‘ಎನ್’ ಅಕ್ಷರ ಉಬ್ಬಿಕೊಂಡಿರುತ್ತದೆ. ಫೆಂಟನ್‌ನ ಹಳೆಯವು ಮುದ್ರೆಯಿಲ್ಲದವು. ಅಂಡಾಕಾರದೊಳಗೆ ಹೆಸರಿದ್ದರೆ ಅದು 1970 ಅಥವಾ ಈಚಿನದು, ಜೊತೆಗೆ 8 ಎಂಬ ಅಂಕಿಯಿದ್ದರೆ 1980ರ ದಶಕದ್ದು. ಮುದ್ರೆ ಇಲ್ಲದಾಗ ಅಚ್ಚಿನ ವಿನ್ಯಾಸ, ಹಿಡಿಯ ಜೋಡಣೆ, ಬೆಳಕಿಗೆ ಹಿಡಿದಾಗ ತಳದಲ್ಲಿ ಕಾಣುವ ಮೂಲಬಣ್ಣಗಳನ್ನು ತಾಳೆ ನೋಡಲಾಗುತ್ತದೆ. ಹಳೆಯ ಅಚ್ಚುಗಳು ಕೈಬದಲಾಗಿ ಮರುಬಳಕೆಯಾಗಿರುವುದರಿಂದ ವಿನ್ಯಾಸವೊಂದೇ ಸಾಕ್ಷ್ಯವಾಗದು. ಭಾರತದಲ್ಲಿ ಫಿರೋಜಾಬಾದ್‌ನ ಜೈನ್ ಗ್ಲಾಸ್ ವರ್ಕ್ಸ್ ಈ ಬಗೆಯ ತನ್ನ ಕೆಲವು ಲೋಟಗಳ ಮೇಲೆ ‘ಜೈನ್’ ಎಂದು ಅಚ್ಚೊತ್ತುತ್ತಿತ್ತು.